ನಾದಿಟ್ಟ ಹಿಟ್ಟು

ಅಬ್ಬಿಗೇರಿಯಲ್ಲಿದ್ದ ನನ್ನ ಅತ್ತಿಯ ರೊಟ್ಟಿ ಕೇಂದ್ರವನ್ನು ಮುಚ್ಚಿಸಿದವಳು ನಾನು. ಬೇರೆ ಕಾರಣ ಸಿಗುತ್ತದೇನೋ ಅಂತ ಹುಡುಕಿ ನೋಡಿದ್ದೇನೆ. ವಾದ ಮಾಡುವುದು ನನಗೆ ಬರುತ್ತದೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅದಕ್ಕೇ ಕಪ್ ಗೆದ್ದವಳು. ಆದರೂ ಸಿಕ್ಕಿಲ್ಲ.

ಅತ್ತಿ ಅಂದರೆ ಅಪ್ಪನ ತಂಗಿ. ಗಂಡ ತೀರಿದ ಮೇಲೆ ನಾಲ್ಕು ವರ್ಷ ಮೈದುನನ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಂಡವಳು. ಒಂದು ದಿನ ಪಕ್ಕದ ಓಣಿಯಲ್ಲಿ ಖಾಲಿ ಕೋಣೆ ಹಿಡಿದು ಏಳು ಮಣ್ಣಿನ ಒಲೆ ಹೂಡಿದಳು. ಅತ್ತಿಯೂ ಸೇರಿ ಏಳು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಒಲೆ. ಖಡಕ್ ರೊಟ್ಟಿ ಮಾಡಿ ರೋಣ, ನರಗುಂದ, ಗಜೇಂದ್ರಗಡದ ಮೂರು ಖಾನಾವಳಿಗೆ ಕಳಿಸುತ್ತಿದ್ದರು. ಆ ಕೋಣೆ ಇರುವ ತನಕ ಅತ್ತಿ ಯಾರ ಮನೆಯ ಅಡುಗೆಯವಳೂ ಆಗಬೇಕಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೈ ಹಾಕಿದೆ.

ನರಗುಂದದ ಖಾನಾವಳಿಯವನು ಇದ್ದದ್ದರ ಎರಡು ಪಟ್ಟು ರೊಟ್ಟಿ ಕೇಳಿದ. ನಾನು ಆಗಷ್ಟೇ ಎಂಬಿಎ ಮುಗಿಸಿ ಮನೆಯಲ್ಲಿದ್ದೆ. ಹೋಗಿ ನೋಡಿದರೆ ಒಬ್ಬೊಬ್ಬಳೂ ತಾನೇ ಎಸರು ಕಾಸಿ, ಹಿಟ್ಟು ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ಉರಿಯನ್ನೂ ಸರಿಮಾಡುತ್ತಾಳೆ. ಇದ್ಯಾವ ಲೆಕ್ಕ? ಕೆಲಸವನ್ನು ತುಂಡು ಮಾಡಬೇಕು, ಒಬ್ಬೊಬ್ಬರಿಗೆ ಒಂದು ತುಂಡು ಕೊಡಬೇಕು, ಯಾರೂ ಯಾರಿಗೂ ಕಾಯಬಾರದು. ನಾನು ಓದಿದ್ದು ಅದೇ. ಮೊಬೈಲಿನಲ್ಲಿ ಸೆಕೆಂಡು ಹಿಡಿದು ಎದುರಿಗೆ ಕೂತೆ.

ಅಲ್ಲಿ ಎಲ್ಲರಿಗಿಂತ ಹಿರಿಯಾಕೆಯನ್ನು ದೊಡ್ಡವ್ವ ಅನ್ನುತ್ತಿದ್ದರು. "ಹಿಂಗ ಎದರಿಗೆ ಕುಂತ್ರ ಹ್ಯಾಂಗ ಬಡೀಲಿ ಯವ್ವಾ? ಹೆಣ್ಣ ನೋಡಾಕ ಬಂದಾರೇನ ಅನ್ನಸ್ತೈತಿ," ಅಂದಳು.

"ಈ ವಯಸ್ಸಿನ್ಯಾಗ ನಿನ್ನ ಯಾರ ಒಪ್ತಾರ ಬಿಡ," ಅಂತ ಅತ್ತಿ. ಎಲ್ಲರೂ ನಕ್ಕರು.

ಇಬ್ಬರು ನಾದಲಿ, ಮೂವರು ಬಡಿಯಲಿ, ಇಬ್ಬರು ಬೇಯಿಸಲಿ ಅಂದಾಗ ಮಾತ್ರ ದೊಡ್ಡವ್ವ ನಗಲಿಲ್ಲ.

"ನಾದಿದ ಹಿಟ್ಟು ಕಾಯಂಗಿಲ್ಲವಾ. ಬಿರೀತೈತಿ."

"ಎಷ್ಟ ಹೊತ್ತಿಗೆ ಬಿರೀತೈತ್ರಿ? ಐದು ನಿಮಿಷಕ್ಕೋ, ಹತ್ತಕ್ಕೋ?"

"ಅದನ್ನ ಹ್ಯಾಂಗ ಹೇಳೂದು? ಕೈಗೆ ಗೊತ್ತಾಗತೈತಿ."

"ಕೈಗೆ ಗೊತ್ತಾಗೂದನ್ನ ನಾ ಹಾಳಿ ಮ್ಯಾಲ ಹ್ಯಾಂಗ ಬರೀಲ್ರಿ?"

ಮತ್ತೆ ನಗು. ದೊಡ್ಡವ್ವ ಸುಮ್ಮನಾದಳು. ಎದುರಾಳಿ ಸುಮ್ಮನಾದರೆ ಅಂಕ ನಮಗೆ, ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಕಲಿತದ್ದು ಅಷ್ಟೇ. ನಾನು ಅಂಕ ಬರೆದುಕೊಂಡೆ.

ಆಮೇಲೆ ಜಾಗದ ಪ್ರಶ್ನೆ. ಗಿರಾಕಿಗಳಿಗೆ ಹತ್ತಿರವಿರಬೇಕು ಅಂತ ನಕ್ಷೆಯ ಮೇಲೆ ಅವರ ಮೂರು ಚುಕ್ಕಿ ಇಟ್ಟೆ. ನರಗುಂದದವನು ಹೆಚ್ಚು ಒಯ್ಯುತ್ತಾನೆಂದು ಆ ಚುಕ್ಕಿಗೆ ತೂಕ ಹೆಚ್ಚು ಕೊಟ್ಟೆ. ಆದರೂ ನಡುವೆ ಬಂದದ್ದು ರೋಣವೇ. ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ ಸಿಕ್ಕಿತು, ಗ್ಯಾಸ್ ಒಲೆ ಬಂದವು. ಅಬ್ಬಿಗೇರಿಯ ಕೋಣೆಯನ್ನು ಅತ್ತಿ ಬಿಟ್ಟುಕೊಟ್ಟಳು. ಮಾಲೀಕ ಒಲೆಗಳನ್ನು ಒಡೆದು ಕೋಣೆಯಲ್ಲಿ ದನದ ಹೊಟ್ಟು ತುಂಬಿದ.

ಈಗ ಯೋಚಿಸಿದರೆ ಮೈ ಉರಿಯುತ್ತದೆ. ತಿಂಗಳಿಟ್ಟರೂ ಕೆಡದ ರೊಟ್ಟಿಗೆ ಗಿರಾಕಿಯ ಹತ್ತಿರ ಇರುವ ಅವಸರವೇನಿತ್ತು? ಕೆಡುವುದು ಹಿಟ್ಟು. ಕೆಡುವುದು ಹೆಂಗಸರ ಬೆಳಗು. ಆ ಏಳು ಮನೆಗಳಿಗೆ ನನ್ನ ನಕ್ಷೆಯಲ್ಲಿ ಒಂದು ಚುಕ್ಕಿಯೂ ಇರಲಿಲ್ಲ.

ಊರಲ್ಲಿದ್ದಾಗ ಅವರು ನಸುಕಿನಲ್ಲಿ ಒಂದು ಬುಟ್ಟಿ ರೊಟ್ಟಿ ಮುಗಿಸಿ, ಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕಳಿಸಿ, ಮತ್ತೆ ಬಂದು ಕೂರುತ್ತಿದ್ದರು. ರೋಣಕ್ಕೆ ಬಸ್ ಹಿಡಿಯಬೇಕು, ಹೋದರೆ ಸಂಜಿಗೇ ವಾಪಸ್. ಮೊದಲ ವಾರದಲ್ಲೇ ಇಬ್ಬರು ಬಿಟ್ಟರು. ಬಿಟ್ಟವರಿಬ್ಬರೂ ಬೇಯಿಸುವವರು. ಬಡಿದ ರೊಟ್ಟಿ ಒಂದರ ಮೇಲೊಂದು ಕೂತು ಅಂಟಿಕೊಂಡವು, ಬಡಿಯುವವರು ಕೈ ಕಟ್ಟಿ ಕೂತರು, ಬುಟ್ಟಿಯಲ್ಲಿ ನಾದಿಟ್ಟ ಹಿಟ್ಟು ಜಿಗಿ ಕಳೆದುಕೊಂಡಿತು. ನಾನು ದೊಡ್ಡವ್ವನನ್ನು ಬಡಿಯುವುದರಿಂದ ಎಬ್ಬಿಸಿ ಹಂಚಿನ ಮುಂದೆ ಕೂರಿಸಿದೆ. ಹಾಳೆಯ ಮೇಲೆ ಎಲ್ಲ ಸರಿಹೋಯಿತು. ರೊಟ್ಟಿಯ ಅಂಚು ಮಾತ್ರ ಸುತ್ತಲೂ ಬಿರಿಯುತ್ತಿತ್ತು, ಪೊಟ್ಟಣ ಬಿಚ್ಚುವಷ್ಟರಲ್ಲಿ ಅರ್ಧ ಚೂರು.

ಅಬ್ಬಿಗೇರಿಯಲ್ಲಿ ಎಲ್ಲ ಒಂದೇ ಕೈಯಲ್ಲಿತ್ತು: ಹಂಚು ಕಾದಿದ್ದರೆ ಬೇಗ ಬಡಿಯುವುದು, ಆರಿದ್ದರೆ ಉರಿ ಮುಂದೆ ಮಾಡಿ ಒಂದು ಉಂಡೆ ತಡೆದು ನಾದುವುದು. ಆ ಏಳು ಹೆಂಗಸರಲ್ಲಿ ಪ್ರತಿಯೊಬ್ಬಳೂ ಯಾರಿಗೂ ಕಾಯದ, ಕಾರ್ಖಾನೆಯ ಕೆಲಸದ ಒಂದು ಪೂರ್ತಿ ಸಾಲೇ ಆಗಿದ್ದಳು. ನಾನು ಅದನ್ನು ಮೂರು ತುಂಡು ಮಾಡಿ, ತುಂಡುಗಳ ನಡುವೆ ಕಾಯುವುದನ್ನು ತಂದಿಟ್ಟೆ.

ನರಗುಂದದಿಂದ ಫೋನು ಬಂತು. "ಏನ್ರಿ ಇದು, ರೊಟ್ಟಿ ಕಳಿಸೀರೋ ನುಚ್ಚ ಕಳಿಸೀರೋ?"

ಅವನ ಜೊತೆಗೂ ವಾದಕ್ಕಿಳಿದೆ. ರುಚಿ ಅದೇ ಅಲ್ಲವೇ, ಜೋಳ ಅದೇ ಅಲ್ಲವೇ, ಉಣ್ಣುವವರು ಹೇಗೂ ಮುರಿದೇ ಉಣ್ಣುತ್ತಾರಲ್ಲವೇ? ಅವನು ಪೂರ್ತಿ ಕೇಳಿದ. "ನೀವು ಹೇಳೂದು ಖರೇ ಐತ್ರಿ," ಅಂದ. "ನಾಳಿಂದ ರೊಟ್ಟಿ ಬ್ಯಾಡ್ರಿ."

ಗಜೇಂದ್ರಗಡದವನು ಅಷ್ಟೂ ಹೇಳಲಿಲ್ಲ, ಫೋನ್ ಎತ್ತುವುದನ್ನೇ ಬಿಟ್ಟ. ರೋಣದವನೊಬ್ಬನಿಗಾಗಿ ಶೆಡ್ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಮುಚ್ಚಿದೆವು. ದೊಡ್ಡವ್ವ ಈಗ ಯಾರದೋ ಹೊಲದಲ್ಲಿ ಉಳ್ಳಾಗಡ್ಡಿ ಕೀಳಲು ಕೂಲಿಗೆ ಹೋಗುತ್ತಾಳೆ.

ಮೊನ್ನೆ ಮಧ್ಯಾಹ್ನ ಅತ್ತಿಯನ್ನು ನೋಡಲು ಹೋದೆ. ಮೈದುನನ ಮನೆಯ ಹಿತ್ತಲ ಒಲೆ ಮುಂದೆ ಕೂತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ಅತ್ತಿ, ನೀ ಆವತ್ತ ಗಟ್ಟಿಸಿ ಬ್ಯಾಡ ಅಂದಿದ್ರ ನಾ ಬಿಡತಿದ್ದೆ," ಅಂದೆ.

"ಬ್ಯಾಡಂತ ಅಂದಿದ್ವಲ್ಲ. ನೀ ಯಾಕ ಅಂತ ಕೇಳಿದಿ." ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಯಾಕಂತ ನಮಗ ಹೇಳಾಕ ಬರಲಿಲ್ಲ."

"ಹಂಗಲ್ಲತ್ತಿ, ಹಿಟ್ಟನ್ನ ಸಣ್ಣ ಸಣ್ಣ ಉಂಡಿ ಮಾಡಿ ನಾದಿದ್ರ, ಇನ್ನೊಂದು ಒಲಿ ಹಾಕಿದ್ರ..."

ಒಳಗಿನಿಂದ ಮೈದುನನ ಹೆಂಡತಿ ಕೂಗಿದಳು: "ಅಕ್ಕಾ, ಲಗೂ ಎರಡು ರೊಟ್ಟಿ ತರ್ರಿ."

ಅತ್ತಿ ತಾಟು ಹಿಡಿದು ಎದ್ದು ಹೋದಳು. ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಒಲೆಗೆ ಹೇಳಿ ಮುಗಿಸಿದೆ.