ನನ್ನ ಹೆಸರಿನ ಗೊಂಬೆ

ಎಲ್ಲರ ಗೊಂಬೆಗಳೂ ಹಂಚಿ ತಿನ್ನುವುದನ್ನೋ ತಾಳ್ಮೆಯನ್ನೋ ಕಲಿಸುತ್ತವಂತೆ. ನನ್ನ ಬಟ್ಟೆಗೊಂಬೆ ಮೊದಲು ಕಲಿಸಿದ್ದು, ನನ್ನ ಹೆಸರು ನನ್ನೊಬ್ಬಳದಲ್ಲ ಎಂಬುದನ್ನು.

ನನಗಿಂತ ಮುಂಚೆ ಅವ್ವನಿಗೆ ಎರಡು ಮಕ್ಕಳಾಗಿ ಎರಡೂ ಉಳಿದಿರಲಿಲ್ಲ. ಹೀಗಾಗಿ ನಾನು ಹುಟ್ಟಿದಾಗ ಊರಿನಿಂದ ಬಂದ ಅಜ್ಜಿ ಹಳೆಯ ಇಳಕಲ್ ಸೀರೆ ಹರಿದು, ಹತ್ತಿ ತುಂಬಿ, ಒಂದು ಗೊಂಬೆ ಹೊಲಿದಳು. ನಮ್ಮ ಕಡೆ ತೊಟ್ಟಿಲಿಗೆ ಕೂಸಿಗಿಂತ ಮೊದಲು ಗುಂಡಕಲ್ಲು ಹಾಕುವ ರೂಢಿ. ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿದ್ದ ನಮ್ಮ ಮನೆಯಲ್ಲಿ ಕಲ್ಲಿನ ಬದಲು ಗೊಂಬೆ ಮಲಗಿತು. ನನಗಿಡಬೇಕಾದ ಹೆಸರನ್ನು ಮೊದಲು ಅದರ ಕಿವಿಯಲ್ಲಿ ಹೇಳಿದರು. ಕರೆದೊಯ್ಯಲು ಬರುವವನು ಮೋಸಹೋಗಲಿ ಎಂದು.

ಹೊಸ ಬಟ್ಟೆ ಮೊದಲು ಅದಕ್ಕೆ, ಮೊದಲ ತುತ್ತೂ ಅದಕ್ಕೇ. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ; ಅದು ಪಕ್ಕದಲ್ಲಿಲ್ಲದೆ ನಿದ್ದೆಯೇ ಬರುತ್ತಿರಲಿಲ್ಲ. ಆದರೆ ಅವ್ವ ಅಡುಗೆಮನೆಯಿಂದ ಹೆಸರು ಕೂಗಿದರೆ ಕರೆದದ್ದು ಯಾರನ್ನೆಂದು ಗೊತ್ತಾಗದೆ ಗೊಂಬೆಯ ಮುಖ ನೋಡುತ್ತಿದ್ದೆ. ಒಮ್ಮೊಮ್ಮೆ ಅದು ನನಗಿಂತ ಮೊದಲೇ ಅತ್ತ ತಿರುಗಿರುತ್ತಿತ್ತು. ಮಕ್ಕಳ ಭ್ರಮೆ ಎನ್ನುವವರು ಎನ್ನಲಿ, ನಾನಂತೂ ಈಗಲೂ ಅನ್ನುವುದಿಲ್ಲ.

ಒಂದನೇ ತರಗತಿಯಲ್ಲಿದ್ದಾಗ ನನಗೆ ವಿಪರೀತ ಜ್ವರ ಬಂತು. ಡಾಕ್ಟರ ಔಷಧಿಗೂ ಜಗ್ಗಲಿಲ್ಲ. ಒಂದು ಮಧ್ಯಾಹ್ನ ಅವ್ವ ನನ್ನ ಮೈಮೇಲಿನ ಫ್ರಾಕು ಬಿಚ್ಚಿ ಗೊಂಬೆಗೆ ತೊಡಿಸಿದಳು. ನನ್ನ ಬಳೆಗಳನ್ನೂ ಅದಕ್ಕೆ ಏರಿಸಿದಳು. ಪಕ್ಕದ ಮನೆಯಾಕೆಯನ್ನು ನನ್ನ ಬಳಿ ಕೂರಿಸಿ, ಗೊಂಬೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಸಂಜೆ ಅಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು.

“ಕಾಚಿಗೂಡ ಸ್ಟೇಷನ್ನಾಗ ನಮ್ಮೂರ ಗಾಡ್ಯಾಗ ಕುಂದರಿಸಿ ಬಂದೇನ್ರಿ. ಹೋಗೂದಾದ್ರ ಆಕಿ ಹೋಗ್ಲಿ.”

ಮರುದಿನ ಜ್ವರ ಇಳಿಯಿತು. ನಾನು ಗೊಂಬೆ ಬೇಕೆಂದು ಗೋಳಾಡಿದೆ. ಅವ್ವನಿಗೂ ಸಮಾಧಾನವಿರಲಿಲ್ಲ, ರೈಲು ಕೂಗಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತಿದ್ದಳು.

ಅವಳು ಒಂದನ್ನು ಮರೆತಿದ್ದಳು. ಅಪ್ಪನೂ ರೈಲ್ವೆಯವನೇ, ಸುತ್ತಲಿನವರೂ ರೈಲ್ವೆಯವರೇ. ನಮ್ಮ ಮನೆಯ ವಸ್ತು ರೈಲಿನಲ್ಲಿ ಕಳೆಯುವುದು ಅಷ್ಟು ಸುಲಭವಲ್ಲ. ಕೆಲವು ದಿನಗಳ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಹೊರಗಿನಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಅಪ್ಪನ ಗೆಳೆಯರಾದ ಗಾರ್ಡು. ನಮ್ಮ ಕಿಟಕಿಯಲ್ಲಿ ಕೂತಿರುತ್ತಿದ್ದ ಗೊಂಬೆಯನ್ನು ಬಲ್ಲವರು, ಗಾಡಿಯಲ್ಲಿ ಕಂಡು ಗುರುತು ಹಿಡಿದು ತಂದಿದ್ದರು.

“ಪಾಪಾ, ನೀ ಬೊಮ್ಮ ವಚ್ಚಿಂದಿ!” ಎಂದರು ತೆಲುಗಿನಲ್ಲಿ. ನಿನ್ನ ಗೊಂಬೆ ಬಂತು ಎಂಬ ಸಂಭ್ರಮ ಅವರದು.

ನಾನು ಓಡಿದೆ. ಅವ್ವ ರಟ್ಟೆ ಹಿಡಿದೆಳೆದು ಬಾಯಿ ಮುಚ್ಚಿದಳು. “ಓ ಅನಬ್ಯಾಡ. ಆಕಿ ಒಳಗ ಬಂದ್ರ ಜ್ವರಾನೂ ಬೆನ್ನ ಹತ್ತಿ ಬರತೈತಿ.” ಅವರು ಮತ್ತೆ ಮತ್ತೆ ಕೂಗಿದರು, ಬಾಗಿಲು ಬಡಿದರು. ಕೊನೆಗೆ ಗೊಂಬೆಯನ್ನು ಹೊಸ್ತಿಲ ಹೊರಗೆ ಇಟ್ಟು ಹೋದರು. ಅವ್ವನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು.

ಹೊರಗೆ ಏನೂ ಸಪ್ಪಳವಿರಲಿಲ್ಲ. ಆದರೂ ಅವ್ವ ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ನಿಂತಿದ್ದಳು. ನನ್ನ ಬಾಯಿ ಮುಚ್ಚಿದ್ದ ಕೈ ತಾನಾಗಿ ಸಡಿಲವಾಯಿತು. “ಹೆಸರಿಟ್ಟು ಕರದಾಕಿನ ಹೊರಗ ಹೆಂಗ ಬಿಡ್ಲಿ?” ಎಂದು ಬಾಗಿಲು ತೆರೆದಳು. ಗೊಂಬೆಯನ್ನು ಎತ್ತಿ, ಧೂಳು ಕೊಡವಿ, ತೊಡೆಯ ಮೇಲೆ ಕೂರಿಸಿಕೊಂಡಳು. ಅದರ ತಲೆ ಸವರುತ್ತ ಮೆಲ್ಲಗೆ ಕೇಳಿದಳು:

“ಅಲ್ಲಿ ನಿಮ್ಮಣ್ಣ, ನಿಮ್ಮಕ್ಕ ಸಿಕ್ಕಿದ್ರೇನವಾ?”

ಅವ್ವನಿಗೆ ನಾನೊಬ್ಬಳೇ ಮಗಳಲ್ಲ ಎಂಬುದು ಆ ಗೊಂಬೆಯಿಂದ ಅಂದು ನನಗೆ ತಿಳಿಯಿತು. ಅವಳು ಅದರ ಬಾಯಿಗೆ ಕಿವಿಯಿಟ್ಟು ಬಹಳ ಹೊತ್ತು ಕೂತಳು. ನಡುನಡುವೆ ಹೂಂಗುಟ್ಟಿದಳು. ಊಟದ ಹೊತ್ತಿಗೆ ಇನ್ನೆರಡು ತಾಟು ತಂದಿಟ್ಟಳು. ಅಪ್ಪ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.