ಗಲ್ಲಾದ ಪರದೆಗೆ ಬಣ್ಣ

ನಿನ್ನ ಕೆಲಸ ಎಂಥದ್ದು ಎಂದು ಊರಿನ ನೆಂಟರು ಕೇಳಿದರೆ ನಾನು ಹೇಳುವುದು ಇಷ್ಟೇ: ಓದಲು ಬರುವ ಅಕ್ಷರಗಳನ್ನು ಓದಲು ಬಾರದಂತೆ ಮಾಡುವುದು. ಗೋರೆಗಾಂವ್‌ನ ಒಂದು ಗಾಜಿನ ಕಟ್ಟಡದಲ್ಲಿ ಕುಳಿತು ನಾನು ಸಿಎಸ್‌ಎಸ್ ಬರೆಯುತ್ತೇನೆ. ವೆಬ್ ಪುಟದಲ್ಲಿ ಏನಿರಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ. ಅದು ಯಾವ ಬಣ್ಣದಲ್ಲಿ, ಎಷ್ಟು ದೊಡ್ಡದಾಗಿ, ಎಲ್ಲಿ ಕಾಣಿಸಬೇಕು ಎಂದು ಬ್ರೌಸರಿಗೆ ಹೇಳಿಕೊಡುವ ಭಾಷೆ ಅದು. ಬಿಳಿಯ ಮೇಲೆ ತೆಳು ಬೂದು ಅಕ್ಷರ ಹಾಕಿದರೆ ಕೆಲಸ ಕೊಟ್ಟ ಕಂಪನಿಯವರು ‘ಕ್ಲಾಸ್’ ಎನ್ನುತ್ತಾರೆ. ಇನ್ನಷ್ಟು ತೆಳುವಾಗಿಸಿದರೆ ‘ಪ್ರೀಮಿಯಂ’. ಪೂರ್ತಿ ಅಳಿಸಿಬಿಟ್ಟರೆ ಪ್ರಶಸ್ತಿಯೇ ಬರಬಹುದು, ಆದರೆ ಅಷ್ಟು ಧೈರ್ಯ ನಮ್ಮ ಆಫೀಸಿನಲ್ಲಿ ಇನ್ನೂ ಯಾರೂ ಮಾಡಿಲ್ಲ.

ಅದೇ ಗೋರೆಗಾಂವ್‌ನಲ್ಲಿ, ಸ್ಟೇಷನ್ನಿನ ಕಡೆ, ಪಪ್ಪ ಮತ್ತು ಚಿಕ್ಕಪ್ಪನ ಹೋಟೆಲು ಇದೆ. ಉಡುಪಿ ಕಡೆಯಿಂದ ಮುಂಬಯಿಗೆ ಬಂದವರ ಹೋಟೆಲು ಹೇಗಿರಬೇಕೋ ಹಾಗೆಯೇ ಇದೆ. ಬಾಗಿಲಲ್ಲೇ ಗಲ್ಲಾ, ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಫೋಟೋ, ಫೋಟೋದ ಕೆಳಗೆ ಪಪ್ಪ. ಗಿರಾಕಿ ಬಂದು ತಿಂಡಿಯ ಹೆಸರು ಹೇಳಬೇಕು, ಪಪ್ಪ ಬಿಲ್ಲು ಕೊಡಬೇಕು, ಆ ಬಿಲ್ಲನ್ನು ಒಳಗಿನ ಕೌಂಟರಿನಲ್ಲಿ ತೋರಿಸಿ ತಟ್ಟೆ ಎತ್ತಿಕೊಳ್ಳಬೇಕು. ಅಣ್ಣ ಗಲ್ಲಾದಲ್ಲಿ, ತಮ್ಮ ಅಡುಗೆಮನೆಯಲ್ಲಿ ಎಂಬುದು ನಮ್ಮಲ್ಲಿ ಯಾರೂ ಬರೆಯದ, ಯಾರೂ ಮುರಿಯದ ಕಾನೂನು. ಗಲ್ಲಾದಿಂದ ಎದ್ದವನು ಮನೆಗೇ ಹೋಗಬೇಕು. ನಡುವೆ ಅವನಿಗಾಗಿ ಬೇರೆ ಕುರ್ಚಿ ಹಾಕಿಡುವ ಪದ್ಧತಿ ಇಲ್ಲ.

ಪಪ್ಪನ ಕಣ್ಣು ಹೋಗುತ್ತಿದೆ ಎಂದು ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ ಮಾತ್ರ. ಕಣ್ಣಿನ ಹಿಂಬದಿಯ ಪದರದ ನಡುಭಾಗ ಸವೆದಿದೆ ಎಂದು ಮುಲುಂಡ್‌ನ ಡಾಕ್ಟರು ಹೇಳಿದ್ದರು. ನೇರವಾಗಿ ನೋಡಿದ್ದೆಲ್ಲ ಮಂಜು, ಅಂಚಿನಲ್ಲಿರುವುದಷ್ಟೇ ಸ್ವಲ್ಪ ಸ್ಪಷ್ಟ. ಕನ್ನಡಕದಿಂದ ಪ್ರಯೋಜನವಿಲ್ಲ, ಮುಂದೆ ಅದೂ ಕಡಿಮೆಯಾಗುತ್ತದೆ ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಪಪ್ಪ ನನ್ನ ಭುಜ ಹಿಡಿದುಕೊಂಡರು.

“ಚಿಕ್ಕಪ್ಪನಿಗೆ ಹೇಳ್ಬೇಡ ಮಗಾ. ಗೊತ್ತಾದ್ರೆ ನನ್ನನ್ನು ಮನೆಯಲ್ಲಿ ಕೂರಿಸ್ತಾನೆ. ಮನೆಯಲ್ಲಿ ಕೂತು ನಾನೆಂತ ಮಾಡುದು? ನಿನ್ನಮ್ಮನ ಸೀರಿಯಲ್ ಕೇಳುದಾ?”

ಹೇಳುವುದಿಲ್ಲ ಎಂದೆ. ಪಪ್ಪನ ಧೈರ್ಯಕ್ಕೆ ಕಾರಣವಿತ್ತು. ಗಲ್ಲಾದಲ್ಲಿದ್ದ ಹಳೆಯ ಬಿಲ್ಲಿಂಗ್ ಮೆಷಿನ್ನಿನ ಗುಂಡಿಗಳು ಅವರ ಬೆರಳಿಗೆ ಬಾಯಿಪಾಠವಾಗಿದ್ದವು. ಫೋನಿನಲ್ಲಿ ಹಣ ಕಳಿಸಿದರೆ ಪಕ್ಕದ ಪುಟ್ಟ ಡಬ್ಬಿಯೇ ಇಷ್ಟು ಬಂತು ಎಂದು ಕೂಗಿ ಹೇಳುತ್ತಿತ್ತು. ಗಿರಾಕಿಗಳನ್ನು ಅವರು ಮುಖಕ್ಕಿಂತ ಹೆಚ್ಚಾಗಿ ದನಿಯಿಂದಲೇ ಗುರುತಿಸುತ್ತಿದ್ದರು. ಹೀಗೆ ಎಲ್ಲ ನೆಟ್ಟಗಿರುವಾಗ, ನಮ್ಮ ಮನೆಗೆ ಪ್ರಗತಿ ಬಂತು.

ಪ್ರಗತಿಯನ್ನು ಕರೆತಂದವನು ಚಿಕ್ಕಪ್ಪನ ಮಗ, ನನಗೆ ತಮ್ಮನಾಗಬೇಕು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು; ಆದ್ದರಿಂದ ಅವನಿಗೆ ಹೋಟೆಲು ಇಷ್ಟವಿಲ್ಲ, ‘ಬ್ರ್ಯಾಂಡ್’ ಇಷ್ಟ. ಅವನು ಹಳೆಯ ಮೆಷಿನ್ನನ್ನು ಅಟ್ಟಕ್ಕೆ ಹಾಕಿಸಿ, ಗಲ್ಲಾದ ಮೇಲೆ ಟ್ಯಾಬ್ಲೆಟ್ ನಿಲ್ಲಿಸಿದ. ಅದರಲ್ಲಿ ತೆರೆದುಕೊಳ್ಳುವ ಒಂದು ವೆಬ್ ಅಪ್ಲಿಕೇಶನ್ನು ಬಿಲ್ಲು ಮಾಡುತ್ತದೆ, ಅಡುಗೆಮನೆಗೆ ಸುದ್ದಿ ಮುಟ್ಟಿಸುತ್ತದೆ, ಪ್ರತಿ ತಿಂಗಳೂ ಬಾಡಿಗೆಯನ್ನೂ ತಿನ್ನುತ್ತದೆ. ತಿಂಡಿಗೊಂದು ಚೌಕ, ಚೌಕ ಒತ್ತಿದರೆ ಬಿಲ್ಲು. ಬಿಳಿಯ ಮೇಲೆ ತೆಳು ಬೂದು ಅಕ್ಷರ. ಯಾರೋ ನನ್ನಂಥವರೇ ಎಲ್ಲೋ ಕುಳಿತು ಮಾಡಿದ್ದು ಎಂದು ನೋಡಿದ ಕೂಡಲೇ ತಿಳಿಯಿತು.

“ಕ್ಲೀನ್ ಇದೆ ನಾ, ದೊಡ್ಡಪ್ಪಾ? ಏಕದಮ್ ಮಿನಿಮಲ್,” ಎಂದ ತಮ್ಮ.

ಪಪ್ಪ ಕುತ್ತಿಗೆ ವಾರೆ ಮಾಡಿ, ಕಣ್ಣಂಚಿನಿಂದ ಅದನ್ನು ನೋಡಿದರು. “ಇದರಲ್ಲಿ ಎಂತ ಉಂಟು? ಖಾಲಿ ಉಂಟಲ್ಲ ಮಾರಾಯ.”

ತಮ್ಮ ಅದನ್ನು ತಮಾಷೆ ಎಂದುಕೊಂಡು ನಕ್ಕ. ನಾನು ವರ್ಷಗಟ್ಟಲೆ ಸಂಬಳ ಪಡೆದು ಬೂದು ಬಳಿದ ಪುಟಗಳ ಮುಂದೆಲ್ಲ ಯಾರದೋ ಒಬ್ಬ ಪಪ್ಪ ಹೀಗೇ ಕುತ್ತಿಗೆ ವಾರೆ ಮಾಡಿ ಕೂತಿರಬಹುದು. ಆದರೆ ಅವರು ನಮ್ಮ ‘ಟಾರ್ಗೆಟ್ ಆಡಿಯನ್ಸ್’ ಅಲ್ಲ ಎಂದು ಆಫೀಸಿನಲ್ಲಿ ಮೊದಲೇ ತಿಳಿಸಿದ್ದರು.

ಅಪ್ಲಿಕೇಶನ್ ಕಂಪನಿಗೆ ಫೋನು ಮಾಡಿ, ಅಕ್ಷರ ದೊಡ್ಡದು ಮಾಡಿಕೊಡಿ ಎಂದೆ. ನಮ್ಮಲ್ಲಿ ಗ್ರಾಹಕರೇ ದೇವರು ಎಂದು ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಸಿಕ್ಕಳು. ಸೆಟ್ಟಿಂಗ್ಸಿನ ಕಟ್ಟಕಡೆಯಲ್ಲಿ ಒಂದು ಖಾಲಿ ಪೆಟ್ಟಿಗೆ ಇದೆ, ಅದರಲ್ಲಿ ನಿಮ್ಮದೇ ಸಿಎಸ್‌ಎಸ್ ಬರೆದುಕೊಳ್ಳಬಹುದು ಎಂದಳು. ದೇವರು ತನ್ನ ಗುಡಿ ತಾನೇ ಗುಡಿಸಿಕೊಳ್ಳಬೇಕು ಎಂದಾಯಿತು. ಗುಡಿಸಿದೆ. ಅಕ್ಷರ ದೊಡ್ಡದಾಯಿತು, ದಪ್ಪವಾಯಿತು, ಕಪ್ಪಾಯಿತು. ಪಪ್ಪ ಆ ದಿನ ನನಗೆ ಶೀರಾ ತರಿಸಿಕೊಟ್ಟರು.

ಮರುದಿನ ಬೂದು ವಾಪಸಾಗಿತ್ತು. ತಮ್ಮನಿಗೂ ಅಷ್ಟಿಷ್ಟು ಸಿಎಸ್‌ಎಸ್ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವೀಡಿಯೊ ನೋಡಿ ಕಲಿತಿದ್ದ. ನಾನು ಬರೆದೆ, ಅವನು ಅದರ ಕೆಳಗೆ ಬರೆದ. ಒಂದೇ ವಿಷಯಕ್ಕೆ ಇಬ್ಬರು ಎರಡು ಮಾತು ಹೇಳಿದರೆ ಕೊನೆಗೆ ಹೇಳಿದವನದ್ದು ನಡೆಯುವುದು ಈ ಭಾಷೆಯ ನಿಯಮ. ಆದರೆ ‘ಇದು ಮುಖ್ಯ’ ಎಂಬ ಅರ್ಥದ ಒಂದು ಪದವನ್ನು ಸಾಲಿನ ಕೊನೆಗೆ ಅಂಟಿಸಿದರೆ ಅದೇ ಗೆಲ್ಲುತ್ತದೆ. ನಾನು ಅಂಟಿಸಿದೆ. ಅವನೂ ಅಂಟಿಸಿದ. ನಮ್ಮ ಮನೆತನದಲ್ಲಿ ಎಲ್ಲರೂ ಆ ಪದವನ್ನು ಅಂಟಿಸಿಕೊಂಡೇ ಹುಟ್ಟುವವರಾದ್ದರಿಂದ ಯುದ್ಧ ಮುಗಿಯಲಿಲ್ಲ. ಪರದೆ ಬೆಳಿಗ್ಗೆ ಒಂದು ವೇಷ, ಸಂಜೆ ಒಂದು ವೇಷ ಹಾಕಿತು. ಪಪ್ಪ ಮಾತ್ರ ಎರಡೂ ಹೊತ್ತು ಅದೇ ಅಂಗಿಯಲ್ಲಿ ಕೂತು, ಗೊತ್ತಾಗದ್ದನ್ನು ಅಂದಾಜಿನಲ್ಲಿ ಒತ್ತುತ್ತಿದ್ದರು.

ಅಂದಾಜಿಗೂ ಒಂದು ಆಧಾರವಿತ್ತು. ಗಲ್ಲಾದ ಎದುರುಗೋಡೆಯಲ್ಲಿ ಪೈಂಟು ಮಾಡಿದ ತಿಂಡಿಗಳ ಬೋರ್ಡು ನಾನು ಹುಟ್ಟುವ ಮೊದಲಿನಿಂದಲೂ ಇದೆ. ಇಡ್ಲಿ, ಮೆದುವಡ, ಸಾದಾ ದೋಸೆ, ಮಸಾಲಾ ಎಂದು ಶುರುವಾಗಿ ಕಾಫಿಗೆ ಮುಗಿಯುತ್ತದೆ. ದರ ಬದಲಾದಾಗೆಲ್ಲ ಸ್ಟಿಕ್ಕರ್ ಅಂಟಿಸುತ್ತಾರೆಯೇ ಹೊರತು ತಿಂಡಿಯ ಸಾಲನ್ನು ಯಾರೂ ಮುಟ್ಟಿಲ್ಲ. ಹಳೆಯ ಮೆಷಿನ್ನಿನ ಗುಂಡಿಗಳೂ ಅದೇ ಸಾಲಿನಲ್ಲಿದ್ದವು, ಟ್ಯಾಬ್ಲೆಟ್ಟಿನಲ್ಲೂ ಮೊದಲು ತಿಂಡಿಗಳನ್ನು ಅದೇ ಸಾಲಿನಲ್ಲಿ ತುಂಬಿಸಿದ್ದರು. ಪಪ್ಪ ಓದುತ್ತಿರಲಿಲ್ಲ, ಜಾಗ ನೋಡಿ ಒತ್ತುತ್ತಿದ್ದರು. ಇದು ಗೊತ್ತಿಲ್ಲದ ತಮ್ಮ ಒಂದು ಬೆಳಿಗ್ಗೆ ‘ಹೆಚ್ಚು ಮಾರಾಟವಾಗುವುದು ಮೊದಲು’ ಎಂದು ಚೌಕಗಳನ್ನೆಲ್ಲ ಅದಲುಬದಲು ಮಾಡಿದ. ಚೀಸ್ ದೋಸೆ ಇಡ್ಲಿಯ ತಲೆಯ ಮೇಲೆ ಹತ್ತಿ ಕೂತಿತು. ಅವತ್ತು ಸಂಕಷ್ಟಿ ಬೇರೆ.

ಸಂಕಷ್ಟಿಯ ದಿನ ನಮ್ಮ ಹೋಟೆಲಿನಲ್ಲಿ ಸಾಬುದಾಣಾ ವಡೆಗೆ, ಅಂದರೆ ಸಬ್ಬಕ್ಕಿ ವಡೆಗೆ, ನೂಕುನುಗ್ಗಲು. ಚಂದ್ರ ಕಾಣುವ ತನಕ ಉಪವಾಸ ಇರುವವರು ಅದನ್ನು ತಿಂದು ಉಪವಾಸ ಇರುತ್ತಾರೆ. ಎಷ್ಟೋ ಕಾಲದಿಂದ ಬರುತ್ತಿರುವ ಒಬ್ಬ ಮರಾಠಿ ಕಾಕಾ, ನಿವೃತ್ತ ಮೇಷ್ಟ್ರು, ಅವತ್ತೂ ಬಂದು ಸಾಬುದಾಣಾ ವಡೆ ಕೇಳಿದರು. ಪಪ್ಪ ಜಾಗ ನೋಡಿ ಒತ್ತಿದರು. ಕಾಕಾ ಒಳಗೆ ಹೋಗಿ, ಕಾಂದಾ ಭಜಿಯ ತಟ್ಟೆ ಹಿಡಿದು ಹೊರಗೆ ಬಂದರು. ಉಪವಾಸದ ದಿನ, ಈರುಳ್ಳಿ!

“ಅಣ್ಣಾ, ಆಜ್ ಸಂಕಷ್ಟೀ ಆಹೆ ನಾ! ಹೇ ಕಾಯ್?” ಇದೇನಿದು ಎಂದು ಬಿಲ್ಲನ್ನು ಪಪ್ಪನ ಮುಖದ ಮುಂದೆ ಹಿಡಿದರು.

ಬರೆದದ್ದು ಸರಿಯಾಗಿಯೇ ಇದೆಯಲ್ಲ, ಸಾಬುದಾಣಾ ಎಂದೇ ಇದೆಯಲ್ಲ ಎಂದು ಪಪ್ಪ ಬಿಲ್ಲನ್ನು ನೋಡಿ ಹೇಳಿದರು. ಕಾಂದಾ ಭಜಿ ಎಂದು ಅಚ್ಚಾಗಿದ್ದ ಬಿಲ್ಲನ್ನು ನೋಡಿ. ಸಾಲಿನಲ್ಲಿ ನಿಂತವರು ಬಿಲ್ಲನ್ನು ಇಣುಕಿ ನೋಡತೊಡಗಿದರು. ಗಲಾಟೆ ಕೇಳಿ ಅಡುಗೆಮನೆಯಿಂದ ಬಂದ ಚಿಕ್ಕಪ್ಪ ಬಿಲ್ಲನ್ನೂ ಅಣ್ಣನನ್ನೂ ನೋಡಿ, ಕಾಕಾರ ತಟ್ಟೆ ಬದಲಾಯಿಸಿ ಕೊಟ್ಟರು.

ಅವತ್ತು ಸಂಜೆ ಚಿಕ್ಕಪ್ಪ ಮಾತು ಸುತ್ತಿ ಬಳಸಲಿಲ್ಲ. “ಅಣ್ಣ, ಇನ್ನೊಂದು ಸಲ ಹೀಗಾದ್ರೆ ನೀನು ಮನೆಯಲ್ಲೇ ಇರು. ಗಲ್ಲಾದಲ್ಲಿ ಹುಡುಗ ಕೂತ್ಕೊಳ್ತಾನೆ.” ಪಪ್ಪ ಆಯ್ತು ಎಂದರು. ಮಸಾಲೆಯಲ್ಲಿ ಉಪ್ಪು ಜಾಸ್ತಿಯಾದರೂ ಇಡೀ ಹೋಟೆಲಿಗೆ ಕೇಳಿಸುವಂತೆ ಕೂಗುವ ಮನುಷ್ಯ ಅಷ್ಟು ಮೆತ್ತಗೆ ಆಯ್ತು ಎಂದದ್ದು ನನಗೆ ಸಹಿಸಲಾಗಲಿಲ್ಲ. ಒಂದೇ ಒಂದು ಅವಕಾಶ ನನಗೆ ಕೊಡಿ, ಪರದೆಯನ್ನು ಪಪ್ಪನಿಗೆ ಬೇಕಾದ ಹಾಗೆ ಮಾಡುತ್ತೇನೆ, ಆ ಪೆಟ್ಟಿಗೆಯಲ್ಲಿ ಬೇರೆ ಯಾರೂ ಕೈ ಹಾಕಬಾರದು ಎಂದು ಚಿಕ್ಕಪ್ಪನಲ್ಲಿ ಕೇಳಿದೆ. ಅವರು ಮಗನ ಕಡೆ ಒಮ್ಮೆ ನೋಡಿ ತಲೆಯಾಡಿಸಿದರು.

ಆ ಭಾನುವಾರ ಪಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಚೌಕಗಳನ್ನೆಲ್ಲ ಗೋಡೆಯ ಬೋರ್ಡಿನ ಸಾಲಿನಲ್ಲೇ ಜೋಡಿಸಿದೆ. ತಮ್ಮ ಒಳಗೆ ಏನೇ ಅದಲುಬದಲು ಮಾಡಿದರೂ ಹೊರಗೆ ಕದಲದ ಹಾಗೆ. ಬಣ್ಣ ಯಾವುದು ಬೇಕು ಎಂದು ಕೇಳಿದೆ. ಪಪ್ಪನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬಿಲ್ಲು ಬರುವುದಕ್ಕೂ ಮೊದಲು ಹೋಟೆಲಿನಲ್ಲಿ ಪ್ಲಾಸ್ಟಿಕ್ ಟೋಕನ್ನುಗಳಿದ್ದವು, ತಿಂಡಿಗೊಂದು ಬಣ್ಣ.

“ಚಹಾ ಹಸಿರು. ಕಾಫಿ ಕೆಂಪು. ದೋಸೆ ಹಳದಿ. ಸಾಬುದಾಣಾ ನೀಲಿ ಮಾಡು, ಅದು ದೇವರದ್ದು.”

“ಯಾವ ಹಸಿರು ಪಪ್ಪ?”

“ಹಸಿರಿನಲ್ಲಿ ಯಾವ ಹಸಿರು ಅಂತ ಉಂಟಾ? ಹಸಿರು ಅಂದ್ರೆ ಹಸಿರು.”

ನನ್ನ ಆಫೀಸಿನಲ್ಲಿ ಈ ಒಂದು ಪ್ರಶ್ನೆಯ ಮೇಲೆ ಮೀಟಿಂಗುಗಳು ನಡೆಯುತ್ತವೆ. ಮುಗಿಯುವಷ್ಟರಲ್ಲಿ ಪರದೆ ಹೋಳಿಯ ಮಾರನೆಯ ದಿನದ ಗೋಡೆಯ ಹಾಗೆ ಕಾಣುತ್ತಿತ್ತು. ವೃತ್ತಿಯಲ್ಲಿರುವ ಯಾರಾದರೂ ನೋಡಿದ್ದರೆ ನನಗೆ ಮುಂದೆ ಎಲ್ಲೂ ಕೆಲಸ ಸಿಗುತ್ತಿರಲಿಲ್ಲ. ತಮ್ಮ ನೋಡಿ, “ದೀದಿ, ಯೆ ಕ್ಯಾ ಹೈ, ಬ್ರ್ಯಾಂಡ್ ಹೋಯ್ತು,” ಎಂದು ತಲೆ ಹಿಡಿದುಕೊಂಡ. ಪಪ್ಪ ಕುತ್ತಿಗೆ ವಾರೆ ಮಾಡಿ, ಕಣ್ಣಂಚಿನಿಂದ ಒಂದೊಂದೇ ಬಣ್ಣ ಹೆಸರಿಸಿದರು. ಒಂದೂ ತಪ್ಪಲಿಲ್ಲ. ನಾನು ಮಾಡಿದ ಕೆಲಸ ಯಾರಿಗಾದರೂ ಕಾಣಿಸಿದ್ದನ್ನು ನಾನು ಎದುರೆದುರೇ ನೋಡಿದ್ದು ಅದೇ ಮೊದಲು, ಖುಷಿಯಿಂದ ನನಗೆ ಅಳು ಬಂತು.

ಆಮೇಲೆ ಮಳೆಗಾಲ ಹೋಯಿತು, ಗಣಪತಿ ಬಂದು ಹೋದ. ಸಂಕಷ್ಟಿಗಳು ಬಂದವು, ಕಾಕಾರಿಗೆ ಸಾಬುದಾಣಾವೇ ಸಿಕ್ಕಿತು. ಸಂಜೆಯ ನೂಕುನುಗ್ಗಲಲ್ಲಿ ಪಪ್ಪನ ಬೆರಳು ಪರದೆಯ ಮೇಲೆ ಓಡುವುದನ್ನು ನೋಡಿದರೆ ಆ ಮನುಷ್ಯನ ಕಣ್ಣಿಗೆ ತೊಂದರೆ ಎಂದು ಯಾರೂ ನಂಬಲಿಕ್ಕಿಲ್ಲ. ಒಂದೇ ಬಿಲ್ಡಿಂಗಿನಲ್ಲಿರುವ ಅಣ್ಣ ತಮ್ಮ ದಿನವೂ ಮುಲುಂಡ್‌ನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ರಸ್ತೆ ದಾಟುವಾಗ ಚಿಕ್ಕಪ್ಪ ರಿಕ್ಷಾದವರನ್ನು ಬೈಯುತ್ತ ಅಣ್ಣನ ತೋಳು ಹಿಡಿದುಕೊಳ್ಳುತ್ತಿದ್ದರು. ಅದನ್ನು ನಾನು ಟ್ರಾಫಿಕ್ಕಿನ ಮೇಲಿನ ಸಿಟ್ಟು ಎಂದೇ ತಿಳಿದಿದ್ದೆ.

ದೀಪಾವಳಿಗೆ ಮೊದಲು ಒಂದು ಸಂಜೆ ಆಫೀಸು ಮುಗಿಸಿ ಹೋಟೆಲಿಗೆ ಹೋದೆ. ದೂರದಿಂದಲೇ ಪರದೆ ಕಂಡಿತು. ಬಿಳಿ, ತೆಳು ಬೂದು. ಮಧ್ಯಾಹ್ನ ಯಾರೋ ರೀಲ್ಸ್ ಮಾಡುವವರು ಬರುತ್ತಾರೆಂದು ತಮ್ಮ ನನ್ನ ಬಣ್ಣಗಳನ್ನೆಲ್ಲ ತೆಗೆದಿದ್ದ. ಅವರು ಬಂದು ಚೀಸ್ ದೋಸೆಯನ್ನು ಎಳೆದು ತೋರಿಸಿ ಹೋಗಿಯೂ ಆಗಿತ್ತು. ಚೌಕಗಳ ಸಾಲನ್ನು ಮಾತ್ರ ಬಿಟ್ಟಿದ್ದ, ಆ ಭಾಗ ಅವನಿಗೆ ಅರ್ಥವಾಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಪಪ್ಪ ಏನು ಮಾಡುತ್ತಿದ್ದಾರೋ ಎಂದು ಓಡಿ ಹೋದೆ.

ಪಪ್ಪ ಎಂದಿನಂತೆ ಬಿಲ್ಲು ಕೊಡುತ್ತಿದ್ದರು. ಎದುರಿಗೆ ಅದೇ ಕಾಕಾ ನಿಂತಿದ್ದರು. ನನ್ನ ದನಿ ಕೇಳಿದ್ದೇ ಪಪ್ಪನಿಗೆ ಉಮೇದು ಬಂದು, ಟ್ಯಾಬ್ಲೆಟ್ಟನ್ನು ಪೂರ್ತಿ ಕಾಕಾರ ಕಡೆ ತಿರುಗಿಸಿದರು.

“ಕಾಕಾ, ಯೆ ದೇಖಾ ಕ್ಯಾ? ಮೇರಿ ಬೇಟಿನೇ ಕಿಯಾ. ಚಾಯ್ ಕಾ ಹರಾ, ಕಾಫಿ ಕಾ ಲಾಲ್. ಕೈಸಾ ಹೈ ಕಲರ್?”

ಕಾಕಾ ಬೂದು ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಛಾನ್ ಆಹೆ, ಅಣ್ಣಾ. ಏಕದಮ್ ಛಾನ್,” ಎಂದು ಹೊಗಳಿದರು.

ಪಪ್ಪನಿಗೆ ಬಣ್ಣ ಕಾಣುವುದು ಯಾವಾಗ ನಿಂತಿತೋ. ನಾನು ಬಂದಾಗೆಲ್ಲ ಹೊಗಳುತ್ತಿದ್ದ ಹಸಿರು, ಕೆಂಪುಗಳನ್ನು ಅವರು ಎಷ್ಟು ದಿನದಿಂದ ಬರೀ ನೆನಪಿನಿಂದ ಹೊಗಳುತ್ತಿದ್ದರೋ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ ಕೇಳಿದರು:

“ಹಸಿರು ಸ್ವಲ್ಪ ಜಾಸ್ತಿ ಆಯ್ತಾ ಮಗಾ?”

ಕಾಕಾರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಚಿಕ್ಕಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು, ಪರದೆಯೂ ನೇರ ಕಾಣುತ್ತಿತ್ತು. ಮನೆಯಲ್ಲಿರು ಎಂದು ಅವರು ಹೇಳಬೇಕಾದ್ದು ಈಗಲೇ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು.

“ಸರಿ ಉಂಟಣ್ಣ. ಹಸಿರು ಸರಿಯಾಗಿಯೇ ಉಂಟು. ನೀನು ಎರಡು ಕಾಫಿಯ ಬಿಲ್ಲು ಕೊಡು, ಗಿರಾಕಿ ಕಾಯ್ತಿದ್ದಾರೆ.”

ಪಪ್ಪ ಟ್ಯಾಬ್ಲೆಟ್ಟನ್ನು ಮತ್ತೆ ಈಚೆ ತಿರುಗಿಸಿಕೊಂಡು, ಅದನ್ನು ನೋಡದೆಯೇ, ಕಡೆಯ ಸಾಲಿನ ಕಡೆಯ ಚೌಕವನ್ನು ಎರಡು ಸಲ ಒತ್ತಿದರು. ಹೊರಗೆ ಬಂದ ಬಿಲ್ಲನ್ನು ನಾನು ಎತ್ತಿ ನೋಡಿದೆ. ಎರಡು ಕಾಫಿ ಎಂದೇ ಇತ್ತು.