ಎರಡು ಬೆರಳಿನ ದೂರ

ಅವನು ತಪ್ಪೊಪ್ಪಿಕೊಳ್ಳುವ ಮನುಷ್ಯನೇ ಅಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಎಲ್ಲರೂ ಕಂಡಿದ್ದೇವೆ. ಇವನೋ, ನಾಲ್ಕನೆಯ ಕಾಲನ್ನು ತಂದು ಕೈಗೆ ಕೊಟ್ಟರೂ ಅದು ಬೇರೆ ಮೊಲದ್ದು ಎನ್ನುತ್ತಿದ್ದ. ಜೊತೆಯಲ್ಲಿ ಬಾಳಿದ ಹೆಂಡತಿಯೇ ಕೊಟ್ಟ ತೀರ್ಪು ಇದು, ಹಾಗಾಗಿ ನಂಬಬಹುದು.

ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವುದು ಅವನ ಕೆಲಸ. ಜೊತೆಯವರು ಅವನನ್ನು ಅಡಿಪಟ್ಟಿ ಎಂದು ಕರೆಯುತ್ತಿದ್ದರು. ಅವರ ರಾಜ್ಯ ವಿಸ್ತಾರದಲ್ಲಿ ನೆರೆಯವೆಲ್ಲಕ್ಕಿಂತ ದೊಡ್ಡದು, ಜನ ಮಾತ್ರ ಕಡಿಮೆ. ಯಾವ ದಿಕ್ಕಿಗೆ ಹೋದರೂ ಸಮುದ್ರವಿಲ್ಲ. ನದಿಗಳು ಅಲ್ಲೇ ಹುಟ್ಟಿ, ದೋಣಿ ತೇಲಿಸುವಷ್ಟು ಬೆಳೆಯುವ ಹೊತ್ತಿಗೆ ಗಡಿ ದಾಟಿ ಪರರ ಪಾಲಾಗುತ್ತವೆ. ಸಮತಟ್ಟು ಎಂದರೆ ನದಿಯಂಚಿನ ಪಟ್ಟಿಯಷ್ಟೇ. ಮಿಕ್ಕದ್ದು ಏರು, ಇಲ್ಲವೆ ಇಳಿಜಾರು. ಕಚೇರಿ ನೋಡಲು ಬರುವ ಶಾಲಾ ಮಕ್ಕಳಿಗೆ ಅವನು ಹೇಳುತ್ತಿದ್ದ ತಮಾಷೆ ಒಂದೇ: "ನಮ್ಮ ರಾಜ್ಯ ಮುದುಡಿದ ಬಟ್ಟೆ ಕಣ್ರೋ. ಇಸ್ತ್ರಿ ಹಾಕಿ ಹರಡಿದ್ರೆ ಎರಡು ರಾಜ್ಯ ಆಗುತ್ತೆ."

ಇಷ್ಟು ತಿಳಿದವನು, ಒಬ್ಬಳೇ ಮಗಳ ಮದುವೆಯ ಮಾತು ಬಂದಾಗ ಅದನ್ನೇ ಮರೆತ. ಹುಡುಗ ಬೆಟ್ಟದಾಚೆಯ ಊರಿನಲ್ಲಿ ಮೇಷ್ಟ್ರು, ಸಾಧು ಸ್ವಭಾವದವನು. ಮಗಳಿಗೂ ಒಪ್ಪಿಗೆಯಿತ್ತು.

"ಎಷ್ಟು ದೂರ ರೀ?" ಎಂದಳು ಹೆಂಡತಿ.

ಅವನು ಗೋಡೆಯ ನಕ್ಷೆಯ ಮೇಲೆ ಎರಡು ಬೆರಳು ಜೋಡಿಸಿ ಇಟ್ಟ. "ಇಷ್ಟೇ. ಕೂಗಿದ್ರೆ ಕೇಳಿಸುತ್ತೆ."

"ಮಧ್ಯೆ ಬೆಟ್ಟ ಇದೆಯಲ್ಲ?"

"ಬೆಟ್ಟ ಎಲ್ಲಿಲ್ಲ? ನಿನ್ನ ಅಡುಗೆಮನೆ ಹಿಂದೆ ಇಲ್ವಾ?"

"ಅದನ್ನ ಹತ್ತಿಕೊಂಡು ನಾನು ಯಾರನ್ನೂ ನೋಡೋಕೆ ಹೋಗಬೇಕಾಗಿಲ್ಲ."

ಮಗಳು ನಕ್ಕಳು. "ಅಮ್ಮ, ನಾನು ಅಲ್ಲಿಂದ ಕೂಗ್ತೀನಿ. ನೀನು ಇಲ್ಲಿಂದ ಓ ಅನ್ನು."

ಮದುವೆಯಾದ ಮೇಲೆ ತಿಳಿಯಿತು, ಅಡುಗೆಮನೆಯ ಹಿಂದಿನ ಆ ಬೆಟ್ಟದ ಬೆನ್ನಿಗೇ ಮಗಳ ಊರು. ಆದರೆ ಬಸ್ಸು ಬೆಟ್ಟ ಹತ್ತುವುದಿಲ್ಲ. ನದಿಯ ಜೊತೆ ಕೆಳಗಿಳಿದು, ಸೇತುವೆ ದಾಟಿ, ಆಚೆ ದಂಡೆಯಲ್ಲಿ ಮತ್ತೆ ಮೇಲೇರಬೇಕು. ನಡುವೆ ಒಂದು ರಾತ್ರಿ ತಂಗಬೇಕು. ಮೊದಲ ಸಲ ಹೋಗಿಬಂದ ಹೆಂಡತಿ ಸೊಂಟ ಹಿಡಿದುಕೊಂಡು, "ನಿಮ್ಮ ಬೆರಳು ಭಾರಿ ಉದ್ದ ರೀ" ಎಂದಳು. ಆಗ ಇನ್ನೂ ನಗಲು ಬರುತ್ತಿತ್ತು.

ಮಗಳು ಬಸುರಾದಳು. ಹೆರಿಗೆಗೆ ಮೊದಲೇ ಹೋಗಿ ಜೊತೆಗಿರಬೇಕೆಂದು ತಾಯಿ ಬಟ್ಟೆ ಕಟ್ಟಿಟ್ಟಿದ್ದಳು. ದಿನ ತುಂಬುವ ಮುಂಚೆಯೇ ಅಳಿಯನ ಫೋನು ಬಂತು: ನೋವು ಶುರುವಾಗಿದೆ, ಆಸ್ಪತ್ರೆ ಇರುವುದು ಕೆಳಗೆ ಸೇತುವೆಯ ಹತ್ತಿರ, ಗುಡ್ಡ ಕುಸಿದು ದಾರಿ ಮುಚ್ಚಿದೆ. ಗಂಡ ಹೆಂಡತಿ ಹೊರಟರು. ಅದೇ ಕುಸಿತದ ಈಚೆಗೆ ಅವರ ಬಸ್ಸೂ ನಿಂತಿತು. ಪ್ರಯಾಣಿಕರೆಲ್ಲ ತಗಡಿನ ಸೂರಿನಡಿ ಕೂತು ಮಣ್ಣು ಎತ್ತುವ ಯಂತ್ರಕ್ಕೆ ಕಾದರು. ಎರಡನೆಯ ಫೋನು ಅಲ್ಲಿಗೇ ಬಂತು. ಮಗಳೂ ಇಲ್ಲ, ಮಗುವೂ ಇಲ್ಲ.

ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅಳಿಯನ ಹಿತ್ತಿಲಲ್ಲಿ ನಿಂತು ಅವಳು ತಲೆಯೆತ್ತಿದಳು. ಕಂಡದ್ದು ಅದೇ ಬೆಟ್ಟ.

ಮನೆಗೆ ಮರಳಿ ಚೀಲ ಇಳಿಸಿದ ಮೇಲೆ ಅವಳು ಒಂದೇ ಮಾತು ಅಂದಳು. "ಎರಡು ಬೆರಳು ಅಂದಿದ್ರಿ."

ಅವನು ಗೋಡೆಯ ಕಡೆ ನೋಡುತ್ತ, "ಅಳತೆ ಸರಿಯಾಗೇ ಇತ್ತು" ಎಂದ. ಮರುದಿನ ಕಚೇರಿಗೆ ಹೋದ.

ಅಂದಿನಿಂದ ಅವಳು ಬೇಯಿಸಿದಳು, ಬಡಿಸಿದಳು, ಅವನ ಅಂಗಿಯ ಗುಂಡಿ ಹೊಲಿದಳು, ಅವನೊಡನೆ ಮಾತು ಮಾತ್ರ ಆಡಲಿಲ್ಲ. ಸಮಾಧಾನಕ್ಕೆ ಬಂದ ಅವಳ ತಂಗಿ, "ಅಕ್ಕಾ, ಭಾವನೂ ನೊಂದಿದ್ದಾರೆ ಕಣೆ" ಅಂದಾಗ, "ನೊಂದರೆ ಬಾಯಿ ಇದೆಯಲ್ಲ" ಎಂದಳು. ಅವಳಿಗೆ ಬೇಕಾಗಿದ್ದದ್ದು ಕಣ್ಣೀರಲ್ಲ, ತಪ್ಪಾಯಿತು ಎನ್ನುವ ಒಂದು ಮಾತು. ಅದರಿಂದ ಸತ್ತವಳು ಎದ್ದು ಬರುವುದಿಲ್ಲವೆಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೂ ಅದಿಲ್ಲದೆ ಅವನ ಎದುರು ಕೂತು ಉಣ್ಣುವುದು ಅವಳಿಂದಾಗಲಿಲ್ಲ. ಕೊಡುವವನು ಕೊಡಲಿಲ್ಲ. ವರ್ಷ ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ಅವಳು ಬಸ್ ನಿಲ್ದಾಣದ ಪಕ್ಕದಲ್ಲಿ ಆಲೂಗಡ್ಡೆ ಆರಿಸುತ್ತಿದ್ದಳು. ಕಚೇರಿಯಲ್ಲಿ ಟೈಪು ಮಾಡುವ ಹೆಂಗಸಿನ ಜೊತೆ ಗಂಡ ಬರುವುದು ಕಂಡಿತು. ಆ ಹೆಂಗಸಿನ ಮಗಳಿಗೆ ಉತ್ತರದ ಯಾವುದೋ ಊರಿಂದ ಸಂಬಂಧ ಬಂದಿರುವ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ನಿಂತಿದ್ದ ಬಸ್ಸಿನ ಕಿಟಕಿಗೆ ಅವನು ಕೈಯಿಟ್ಟು ಡ್ರೈವರನ್ನು ಆ ಊರು ಎಷ್ಟು ದೂರವೆಂದು ಕೇಳಿದ.

ಡ್ರೈವರ್ ನಕ್ಕ. "ನಕ್ಷೆ ಬರೆಯೋರು ನೀವು, ನನ್ನ ಕೇಳ್ತೀರಲ್ಲ ಸಾರ್? ಇದೊಳ್ಳೆ ಕತೆ."

"ನಕ್ಷೆ ಬೇಡ, ನೀನು ಹೇಳು."

"ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ತೀವಿ."

"ಮಳೆ ಬಂದ್ರೆ?"

"ಬಂದ್ರೆ ದೇವರು ನಡೆಸಿದ ಹಾಗೆ."

ಅವನು ಕಿಟಕಿಯಿಂದ ಕೈ ತೆಗೆಯಲಿಲ್ಲ. ಹೆಂಡತಿ ಆರಿಸುವುದನ್ನು ನಿಲ್ಲಿಸಿ ಬಗ್ಗಿದಂತೆಯೇ ಇದ್ದಳು.

"ಆ ಊರಲ್ಲಿ ಒಂದು ಹುಡುಗಿಗೆ ರಾತ್ರಿ ಹೊತ್ತು ನೋವು ಬಂತು ಅಂತಿಟ್ಕೋ" ಎಂದ ಅವನು. "ಅವಳ ಅಮ್ಮ ಇಲ್ಲಿಂದ ಹೋಗಿ ಮುಟ್ಟೋಕಾಗುತ್ತಾ?"